ಮೂರು ಇಂಚಿನ ಹೆಮ್ಮೆ

ಇವತ್ತು ಬೆಳಿಗ್ಗೆ ಎಂಟೂಕಾಲಿಗೆ ಟೈಲರ್ ಅರ್ಧಿಂಚಣ್ಣನ ಮಗನ ಪ್ಯಾಂಟು ಸೊಂಟದಿಂದ ಜಾರಿತು. ಪ್ಯಾಂಟು ಇಳಿದಷ್ಟೇ ವೇಗದಲ್ಲಿ ಅಪ್ಪನ ಎದೆ ಉಬ್ಬಿತು. "ಲೇ, ಬಂದು ನೋಡೇ," ಎಂದು ಹೆಂಡತಿಯನ್ನು ಕೂಗಿದ. "ಮೂರು ಇಂಚು. ಹೇಳಿದ ದಿನಕ್ಕೆ ಸರಿಯಾಗಿ."

ಅರ್ಧಿಂಚಣ್ಣ ಎಂಬುದು ಬೀದಿಯವರು ಇಟ್ಟ ಹೆಸರು. ಎದುರು ರಸ್ತೆಯಲ್ಲಿ ಹೋಗುವವರ ಸೊಂಟದಳತೆಯನ್ನು ಅಂಗಡಿಯಲ್ಲಿ ಕೂತೇ ಹೇಳಬಲ್ಲೆ, ಅರ್ಧ ಇಂಚೂ ಆಚೀಚೆ ಆಗುವುದಿಲ್ಲ ಎಂಬುದು ಅವನದೇ ಪ್ರಚಾರ. ಇನ್ನು ಅವನ ಕೈ! ಬಾಯಿ ಲೋಕವನ್ನೆಲ್ಲ ಜಾಡಿಸುತ್ತಿದ್ದರೆ ಕೈ ತನ್ನ ಪಾಡಿಗೆ ತಾನು ಹೊಲಿಯುತ್ತಿರುತ್ತದೆ. ಒಮ್ಮೆ ಕರೆಂಟು ಹೋದಾಗ ಮಾತಿನ ಭರದಲ್ಲಿ ಕತ್ತಲಲ್ಲೇ ಏಳು ಗುಂಡಿ ಹಾಕಿ ಮುಗಿಸಿ, ದೀಪ ಬಂದಮೇಲೆ "ಯಾಕೆ, ಹೋಗಿತ್ತಾ?" ಎಂದು ಕೇಳಿದ್ದ.

ಇಂಥವನ ಮಗನ ಅಳತೆಯ ಬಗ್ಗೆ ಮಾತಾಡುವ ಧೈರ್ಯ ಮಾಡಿದ್ದು ಡಾಕ್ಟರಮ್ಮ ಒಬ್ಬರೇ. ಮೂರು ತಿಂಗಳ ಹಿಂದೆ, ಶಾಲೆಯ ತಪಾಸಣೆಯಾದ ಮೇಲೆ, ಹದಿನಾಲ್ಕರ ಹುಡುಗನ ಸ್ಕ್ಯಾನ್ ಚಿತ್ರವನ್ನು ಬೆಳಕಿಗೆ ಹಿಡಿದು ಹೇಳಿದ್ದರು: "ಹೊಟ್ಟೆ ಸುತ್ತ ಇರೋ ಕೊಬ್ಬು ಕಣ್ಣಿಗೆ ಕಾಣುತ್ತೆ. ಲಿವರ್ ಒಳಗೆ ಕೂತಿರೋದು ಕಾಣಲ್ಲ. ನೋವೂ ಇಲ್ಲ, ಜ್ವರವೂ ಇಲ್ಲ. ಹೀಗೇ ಬಿಟ್ಟರೆ ಮುಂದೆ ಲಿವರ್ ಕೆಟ್ಟುಹೋಗಬಹುದು. ಈ ವಯಸ್ಸಲ್ಲಿ ಸರಿ ಮಾಡ್ಕೋಬಹುದು. ಕೂಲ್‌ಡ್ರಿಂಕು, ಕೇಕು ಬಿಡಿಸಿ, ದಿನಾ ಓಡಾಡಿಸಿ. ಸೊಂಟ ಮೂವತ್ತೆಂಟಿದೆ, ಮೂವತ್ತೈದಕ್ಕೆ ತನ್ನಿ."

ಅವತ್ತು ಅರ್ಧಿಂಚಣ್ಣ ಅಂಗಡಿಯಲ್ಲಿ ಮೂರು ಗಂಟೆ ಬಾಯಿ ಮುಚ್ಚಿ ಕೂತಿದ್ದ. ಅವನ ಆಯುಷ್ಯದಲ್ಲೇ ಅದು ದಾಖಲೆ. ಆಮೇಲೆ ಎದ್ದು ಬೀದಿಗೆಲ್ಲ ಸಾರಿದ: "ಈ ಊರಿಗೇ ಮಾದರಿ ಲಿವರ್ ಮಾಡಿ ತೋರಿಸ್ತೀನಿ."

ಎರಡು ವಾರ ಮಗನನ್ನು ಮೈದಾನದಲ್ಲಿ ಓಡಿಸಿದ. ಅಷ್ಟರಲ್ಲಿ ತಿಂಗಳ ಮೊದಲ ಭಾನುವಾರ ಬಂತು. ಪ್ರತಿ ತಿಂಗಳಿನಂತೆ ಮಗನ ಪ್ಯಾಂಟು ಒಗೆದು ಅಂಗಡಿಯ ರಿಪೇರಿ ಬುಟ್ಟಿಗೆ ಬಿತ್ತು, ಗುಂಡಿ ಝಿಪ್ಪು ಸರಿಯಾಗಿ ಮನೆಗೆ ಬಂತು. ಸೋಮವಾರ ಹಾಕಿ ನೋಡಿದರೆ ಒಂದಿಂಚು ಸಡಿಲ. ಅಪ್ಪನಿಗೆ ಆಕಾಶ ಮೂರೇ ಗೇಣು. "ಇಷ್ಟು ಬೇಗ ಇಳಿಯೋ ಮೈಯನ್ನ ಯಾಕೆ ಓಡಿಸಿ ಸಾಯಿಸೋದು?" ಎಂದು ಓಟ ನಿಲ್ಲಿಸಿದ. ಇಳಿದ ಇಂಚಿಗೆ ಬಹುಮಾನವಾಗಿ ಪಕ್ಕದ ಬೇಕರಿ ಅಕ್ಕನಿಂದ ಕೇಕು ಕೊಡಿಸಿದ. ಮುಂದಿನ ತಿಂಗಳು ಇನ್ನೊಂದಿಂಚು, ಇನ್ನಷ್ಟು ಕೇಕು. ಅದರ ಮುಂದಿನ ತಿಂಗಳೂ ಹಾಗೇ.

ಹೀಗೆ ಇವತ್ತು ಮರುತಪಾಸಣೆಗೆ ಮೆರವಣಿಗೆ ಹೊರಟಿತು. ಮುಂದೆ ಕೊರಳಲ್ಲಿ ಟೇಪು ಹಾಕಿಕೊಂಡ ಅರ್ಧಿಂಚಣ್ಣ, ಹಿಂದೆ ಎರಡೂ ಕೈಯಲ್ಲಿ ಪ್ಯಾಂಟು ಹಿಡಿದ ಮಗ, ಅವನ ಹಿಂದೆ ಕರೆಯದೇ ಬಂದ ಕ್ಷೌರದ ಕಟಿಂಗ್ ಅಂಗಡಿಯವನು ಮತ್ತು ಬೇಕರಿ ಅಕ್ಕ.

"ಟೈಲರ್ ಮಗನಿಗೇ ಪ್ಯಾಂಟು ನಿಲ್ಲಲ್ವಲ್ಲಪ್ಪ," ಎಂದ ಕಟಿಂಗ್‌ನವನು.

"ಅದು ಜಾರೋ ಪ್ಯಾಂಟಲ್ಲ ಕಣೋ, ಹಾರೋ ಬಾವುಟ."

"ಅಪ್ಪಾ," ಮಗ ಮೆಲ್ಲಗೆ ಹೇಳಿದ, "ಶರ್ಟಿನ ಗುಂಡಿ ಮಾತ್ರ ಮೊದಲಿಗಿಂತ ಬಿಗಿ ಆಗಿದೆ."

"ಒಗೆದು ಒಗೆದು ಕುಗ್ಗಿದೆ. ಸುಮ್ನೆ ನಡಿ."

"ನನ್ನ ಕೇಕು ತಿಂದೇ ಇಳಿದಿದ್ದು ಅಂತ ಡಾಕ್ಟರಮ್ಮಂಗೆ ಹೇಳೋಕೆ ಮರೀಬೇಡಿ ಅಣ್ಣ," ಎಂದಳು ಅಕ್ಕ. ಕೈಯಲ್ಲಿ ಡಾಕ್ಟರಮ್ಮನಿಗೆಂದೇ ಒಂದು ಡಬ್ಬಿ ತಂದಿದ್ದಳು.

ಕ್ಲಿನಿಕ್ಕಿನಲ್ಲಿ ತೂಕದ ಯಂತ್ರ ಎರಡು ಕಿಲೋ ಜಾಸ್ತಿ ತೋರಿಸಿತು. "ಎಲುಬು ಬಲಿತಿದೆ," ಎಂದ ಅರ್ಧಿಂಚಣ್ಣ. ಡಾಕ್ಟರಮ್ಮ ಹುಡುಗನಿಗೆ ಹೊದಿಕೆ ಸುತ್ತಿಸಿ, ಪ್ಯಾಂಟು ತೆಗೆಸಿ, ಸೊಂಟಕ್ಕೆ ಟೇಪು ಹಾಕಿದರು. ಮೂವತ್ತೆಂಟು.

"ನಿಮ್ಮ ಟೇಪು ಸರಿ ಇಲ್ಲ," ಎಂದು ಅರ್ಧಿಂಚಣ್ಣ ಕೊರಳಿನ ಟೇಪು ಎಳೆದು ತಾನೇ ಅಳೆದ. ಮೂವತ್ತೆಂಟು.

"ಅರ್ಧ ಇಂಚೂ ಆಚೀಚೆ ಇಲ್ಲ," ಎಂದು ಬಾಗಿಲ ಸಂದಿಯಿಂದ ಕಟಿಂಗ್‌ನವನ ದನಿ ಬಂತು.

ಅರ್ಧಿಂಚಣ್ಣ ಪ್ಯಾಂಟು ಕಿತ್ತುಕೊಂಡು ಒಳಮೈ ತಿರುಗಿಸಿದ. ಯಾರೋ ಹಿಂಬದಿಯ ಹೊಲಿಗೆ ಬಿಚ್ಚಿ, ಒಳಗೆ ಮಡಚಿಟ್ಟ ಬಟ್ಟೆ ಬಿಟ್ಟು ಸೊಂಟ ಅಗಲಿಸಿ, ಮತ್ತೆ ಹೊಲಿದಿದ್ದರು. "ಮೋಸ," ಎಂದು ಮಗನತ್ತ ತಿರುಗಿದ. "ನೀನೇನೋ?"

"ನನಗೆ ಸೂಜಿಗೆ ದಾರ ಪೋಣಿಸೋಕೂ ಬರಲ್ಲಪ್ಪ."

ಅರ್ಧಿಂಚಣ್ಣ ಕನ್ನಡಕ ಏರಿಸಿ ಕಿಟಕಿಯ ಬೆಳಕಿಗೆ ಹೋದ. ನೋಡನೋಡುತ್ತ ಮುಖದ ಸಿಟ್ಟು ಕರಗಿತು. ಕಸುಬಿನವನ ಕಣ್ಣು, ಏನು ಮಾಡುತ್ತೆ. "ಕಳ್ಳನಾದರೂ ಪರವಾಗಿಲ್ಲ, ಎಂಥ ಕೈ ಡಾಕ್ಟರಮ್ಮ! ತಿಂಗಳಿಗೊಂದಿಂಚು, ಮೂರು ಸಲ ಬಿಟ್ಟಿದ್ದಾನೆ. ಹಳೇ ಹೊಲಿಗೆಯ ಗುರುತು ಎಲ್ಲಾದರೂ ಇದೆಯಾ? ಕೊನೇ ಗಂಟು ನೋಡಿ, ಎಡಕ್ಕೆ ಹಾಕಿದ್ದಾನೆ. ಈ ಊರಲ್ಲಿ ಹೀಗೆ ಎಡಕ್ಕೆ ಗಂಟು ಹಾಕೋನು ಇರೋದೇ ಒಬ್ಬ..."

ಅರ್ಧಿಂಚಣ್ಣ ತನ್ನ ಕೈಯನ್ನೇ ತಿರುಗಿಸಿ ನೋಡಿಕೊಂಡ.

"ಒಂದನೇ ಕ್ಲಾಸಿಂದ," ಮಗ ಹೇಳಿದ, "ತಿಂಗಳ ಮೊದಲ ಭಾನುವಾರ ಬಂದರೆ ನನ್ನ ಪ್ಯಾಂಟು ಒಂದಿಂಚು ಬಿಡ್ತೀಯಲ್ಲಪ್ಪ. ಬೆಳೆಯೋ ಹುಡುಗ ಅಂತ."

ಪಥ್ಯದ ಪ್ರತಿಜ್ಞೆ ಮಾಡಿದ್ದು ಬಾಯಿ. ಕೈಗೆ ಯಾರೂ ಸುದ್ದಿ ಮುಟ್ಟಿಸಿರಲಿಲ್ಲ.

ಡಾಕ್ಟರಮ್ಮ ನಗು ನುಂಗಿಕೊಂಡು ಚೀಟಿ ಬರೆದರು. "ಇನ್ನೂ ಕಾಲ ಮಿಂಚಿಲ್ಲ. ಮತ್ತೆ ಮೂರು ತಿಂಗಳು. ವಾರಕ್ಕೊಮ್ಮೆ ಟೇಪು ಹಿಡೀರಿ, ಮೈಗೆ. ಪ್ಯಾಂಟಿನ ಮಾತು ನಂಬಬೇಡಿ." ಬೇಕರಿ ಅಕ್ಕ ಡಬ್ಬಿಯನ್ನು ಸದ್ದಿಲ್ಲದೆ ಸೆರಗಿನೊಳಗೆ ಸೇರಿಸಿದಳು.

ಅಂಗಡಿಗೆ ಬಂದವನೇ ಅರ್ಧಿಂಚಣ್ಣ ಶಪಥ ಮಾಡಿದ: ಬಿಟ್ಟ ಮೂರೂ ಇಂಚನ್ನು ಈಗಲೇ ಒಳಗೆ ಹಿಡಿಯುತ್ತೇನೆ, ಸಂಜೆಯಿಂದಲೇ ಮಗನ ಜೊತೆ ನಾನೂ ಓಡುತ್ತೇನೆ. ಮಗ ಟವೆಲು ಸುತ್ತಿಕೊಂಡು ಕಾದು ನಿಂತ. ಅರ್ಧಿಂಚಣ್ಣನ ಮಡಿಲಲ್ಲಿ ಪ್ಯಾಂಟು, ಎದುರಿಗೆ ಕಟಿಂಗ್‌ನವನು, ಬಾಯಲ್ಲಿ ಹೊಸ ವಿಷಯ.

"ಏನೇ ಹೇಳು, ನನ್ನ ಹೊಲಿಗೆಯನ್ನ ನಾನೇ ಹಿಡಿಯೋಕೆ ಮೂರು ತಿಂಗಳು ಬೇಕಾಯ್ತು. ಬೇರೆಯವರಾಗಿದ್ರೆ ಮೂರು ತಲೆಮಾರು..."

ಅರ್ಧ ಗಂಟೆ ಮಾತಾಡಿ, ಗಂಟು ಹಾಕಿ, ದಾರ ಕಡಿದು, ಪ್ಯಾಂಟನ್ನು ಮಗನತ್ತ ಎಸೆದ. ಹುಡುಗ ಹಾಕಿಕೊಂಡು ಕೈಬಿಟ್ಟ. ಪ್ಯಾಂಟು ಸೊಂಟದಲ್ಲಿ ಕ್ಷಣವೂ ನಿಲ್ಲದೆ ನೇರ ಪಾದಕ್ಕೆ ಹೋಗಿ ಬಿತ್ತು.

ಮಗ ಕೆಳಗೆ ನೋಡಿದ, ಆಮೇಲೆ ಅಪ್ಪನನ್ನು ನೋಡಿದ.

"ಅಪ್ಪಾ," ಎಂದ, "ಈಗ ನಾಲ್ಕು."