ಬಾಕ್ಸರ್ ಬೆನ್ನಿಗೆ ಗರಡಿ ಮಣ್ಣು

ಬಾಕ್ಸಿಂಗ್ ಹೇಳಿಕೊಡುತ್ತೇನೆ ಅಂದ ತಕ್ಷಣ ನಮ್ಮ ಹಾಸನದ ಕಡೆಯವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಒಂದೇ ಪ್ರಶ್ನೆ ಕೇಳುತ್ತಾರೆ: "ಪೈಲ್ವಾನ್ ಬಂದ್ರೆ ಏನ್ ಮಾಡ್ತೀರಾ ಸಾ?" ಬಸ್ಸಿನಲ್ಲಿ ಕೇಳಿದ್ದಾರೆ, ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದಾರೆ. ಹಲ್ಲು ಕೀಳುವಾಗ ಡಾಕ್ಟರೂ ಕೇಳಿದರು. ಬಾಯಿ ತೆರೆದೇ ಇತ್ತು, ಉತ್ತರ ಕೊಡಲು ಆಗಲಿಲ್ಲ.

ನಾನು ಹೊಳೆನರಸೀಪುರದ ಅರ್ಚಕರ ಮನೆಯವನು. ವ್ಯಾಯಾಮ ಶಿಕ್ಷಕರ ತರಬೇತಿಗೆ ಹೋದವನು ಬಾಕ್ಸಿಂಗ್ ಹುಚ್ಚು ಹತ್ತಿಸಿಕೊಂಡು ಬಂದೆ. ತೊಂಬತ್ತರ ದಶಕದ ಶುರುವಿನಲ್ಲಿ ಹಾಸನದ ಒಂದು ಹೈಸ್ಕೂಲಿಗೆ ಪಿ.ಟಿ. ಮೇಷ್ಟ್ರಾಗಿ ಸೇರಿದಾಗಲೇ ತೀರ್ಮಾನ ಮಾಡಿಬಿಟ್ಟೆ: ಏನೇ ಆಗಲಿ, ಈ ಜಿಲ್ಲೆಯಲ್ಲಿ ಬಾಕ್ಸಿಂಗ್ ಬೇರು ಬಿಡಲೇಬೇಕು. ಈ ಹಟಕ್ಕೆ ನಾನು ತೆತ್ತದ್ದು ಮೂಗಿನ ಆಕಾರ ಮತ್ತು ಒಂದಿಷ್ಟು ಮಾನ.

೧. ಚೀಲ

ಗುದ್ದಲು ಒಂದು ಚೀಲ ಬೇಕಿತ್ತು. ಪೇಟೆಯಲ್ಲಿ ಸಿಗುವುದರ ಬೆಲೆ ಕೇಳಿ ಸುಮ್ಮನೆ ವಾಪಸು ಬಂದೆ. ಚನ್ನರಾಯಪಟ್ಟಣದ ತೆಂಗಿನಕಾಯಿ ವ್ಯಾಪಾರಿಯೊಬ್ಬರು ನಮ್ಮ ತಂದೆಗೆ ಬೇಕಾದವರು. ಗೋಣಿಚೀಲಕ್ಕೆ ತೆಂಗಿನ ನಾರು ತುಂಬಿ, ಗಟ್ಟಿಯಾಗಿ ಹೊಲಿದು, ಊರಿನ ಮನೆಗೇ ಕಳಿಸಿಕೊಟ್ಟರು. ಹಿತ್ತಲಿನ ನೇರಳೆ ಮರಕ್ಕೆ ನೇತುಹಾಕಿ, ಕೈಗೆ ಬಟ್ಟೆ ಸುತ್ತಿಕೊಂಡು, ಇದ್ದ ಬಲವನ್ನೆಲ್ಲ ಸೇರಿಸಿ ಒಂದು ಗುದ್ದು ಗುದ್ದಿದೆ.

ಫಟ್ ಅಂತ ಸದ್ದಾಯಿತು. ನನ್ನ ಕೈಯೇ ಹೋಯಿತು ಅಂದುಕೊಂಡೆ. ನೋಡಿದರೆ ಚೀಲದ ತಳದಿಂದ ನೀರು ತೊಟ್ಟಿಕ್ಕುತ್ತಿದೆ!

ಬೆರಳಿಗೆ ಪಟ್ಟಿ ಕಟ್ಟಿಸಿಕೊಂಡು ವ್ಯಾಪಾರಿಗೆ ಫೋನ್ ಮಾಡಿದೆ. "ಬರೀ ನಾರು ಆಕುದ್ರೆ ತೂಕ ಬರಕಿಲ್ಲ ಸಾ," ಅಂದರು ಅವರು. "ಅರ್ಚಕರ ಮನೆಗೆ ಓಗೋ ಮಾಲು ಅಂತ ಮಧ್ಯಕ್ಕೆ ಒಳ್ಳೊಳ್ಳೆ ಕಾಯೇ ಆರಿಸಿ ಆಕಿದ್ದೀನಿ. ಯಾಕೆ, ಕೆಟ್ಟಿದ್ವಾ?"

ಅಮ್ಮ ಚೀಲ ಬಿಚ್ಚಿ, ಒಡೆದ ಕಾಯಿಯನ್ನು ಚಟ್ನಿಗೆ ಎತ್ತಿಕೊಂಡು, ನನ್ನ ಕೈ ನೋಡಿ ನಿಟ್ಟುಸಿರು ಬಿಟ್ಟಳು. "ಕಾಯಿ ಒಡೆಯೋದು ನಮ್ಮ ಮನೆ ಕಸುಬೇ ಅಲ್ವೇನೋ? ಅದನ್ನ ಕಲಿಯೋಕೆ ಪರ ಊರಿಗೆ ಹೋಗಬೇಕಿತ್ತಾ?"

೨. ಗರಡಿ

ಪೈಲ್ವಾನನ ಪ್ರಶ್ನೆಗೆ ಒಂದು ಸಲ ಉತ್ತರ ಕೊಟ್ಟೇಬಿಡೋಣ ಅಂತ ಅರಕಲಗೂಡಿನ ಒಂದು ಗರಡಿಗೆ ಹೋದೆ. ಅಲ್ಲಿನ ಗುರುಗಳನ್ನು ಎಲ್ಲರೂ ಉಸ್ತಾದ್ ಅನ್ನುತ್ತಿದ್ದರು. ಅರವತ್ತು ದಾಟಿದ್ದರೂ ಕುತ್ತಿಗೆ ಮಾತ್ರ ಒರಳುಕಲ್ಲು.

ನನ್ನ ಗ್ಲೌಸನ್ನು ಎರಡೂ ಕಡೆ ತಿರುಗಿಸಿ ನೋಡಿದರು. "ಈ ದಿಂಬು ಯಾಕೆ ಸಾ? ನಿದ್ದೆ ಬಂದ್ರೆ ತಲೆ ಕೆಳಕ್ಕಾ?"

"ಇದರಲ್ಲಿ ಹೊಡೀತೀವಿ ಉಸ್ತಾದ್ರೆ."

"ಒಡಕಳಿ. ನಮ್ಮದು ಒಂದೇ ರೂಲ್ಸು. ಬೆನ್ನು ಮಣ್ಣು ಮುಟ್ತೋ, ಮುಗೀತು. ಆಮೇಲೆ ಏನ್ ಮಾಡುದ್ರೂ ಲೆಕ್ಕಕ್ಕಿಲ್ಲ."

ಅವರ ಶಿಷ್ಯನೊಬ್ಬ ಎದುರಿಗೆ ನಿಂತ. ನಾನು ಗದ್ದ ಇಳಿಸಿ, ಕೈ ಏರಿಸಿ, ಕುಣಿಯುತ್ತಾ ನಿಂತೆ. ಅವನು ಬಗ್ಗಿ ಒಂದು ಹಿಡಿ ಕೆಮ್ಮಣ್ಣು ತೆಗೆದು ಮರ್ಯಾದೆಯಿಂದ ನನ್ನ ಮುಂದೆ ಹಿಡಿದ. ಆಟಕ್ಕೆ ಮುಂಚೆ ಒಬ್ಬರಿಗೊಬ್ಬರು ಮಣ್ಣು ಕೊಟ್ಟುಕೊಳ್ಳುವುದು ಗರಡಿಯ ಪದ್ಧತಿ. ಗ್ಲೌಸಿನಲ್ಲಿ ಮಣ್ಣು ಹಿಡಿಯುವುದು ಹೇಗೆ? ಹಲ್ಲಿನಿಂದ ದಾರ ಎಳೆದು ಬಲಗೈ ಗ್ಲೌಸು ಬಿಚ್ಚಿ ಕೈ ಚಾಚಿದೆ. ಅವನು ಮಣ್ಣು ಕೊಟ್ಟ, ಹಣೆಗೆ ಒತ್ತಿಕೊಂಡ, ಆಮೇಲೆ ನಾನು ಚಾಚಿದ್ದ ಕೈಯನ್ನೇ ಹಿಡಿದು ಎಳೆದ. ಮರುಗಳಿಗೆ ನಾನು ಗರಡಿಯ ಹೆಂಚು ನೋಡುತ್ತಿದ್ದೆ.

"ಉಸ್ತಾದ್ರೆ, ಇನ್ನೂ ಶುರುವೇ ಆಗಿರಲಿಲ್ಲ!" ಅಂತ ಮಲಗಿದಲ್ಲಿಂದಲೇ ಕೂಗಿದೆ.

"ಔದಾ?" ಅಂದರು ಉಸ್ತಾದ್, ಬಹಳ ಸಂಕಟದಿಂದ. "ಅಂಗಾದ್ರೆ ಎದ್ದೇಳಿ ಸಾ, ಇನ್ನೊಂದ್ಸಲ ಬೀಳೀರಂತೆ."

೩. ಮಿಕ್ಸ್

ನಾನೇನು ಬಿಡುವವನಲ್ಲ. ಹಾಸನದ ಆಲೂಗಡ್ಡೆ ವ್ಯಾಪಾರಿಯೊಬ್ಬರ ಖಾಲಿ ಗೋಡೌನ್ ಹಿಡಿದು ಬೆಳಗಿನ ತರಗತಿ ನಡೆಸಿದೆ. ಹುಡುಗರೂ ಬಂದರು. ಗೋಡೌನಿನ ಆಲೂಗಡ್ಡೆ ವಾಸನೆ ನನ್ನ ಮೈಗೂ ಹತ್ತಿತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಹಳ್ಳಿಮೈಸೂರಿನ ಕಡೆಯ ಒಬ್ಬ ಯುವಕ ಬಂದ. ಹೊಲ ಗದ್ದೆ ಇದ್ದ ಮನೆಯವನು, ಮುಂಬೈಗೆ ಹೋಗಿ ಹೊಡೆದಾಟವನ್ನೇ ಕಲಿತು ಬಂದಿದ್ದ. ಗುದ್ದಬಹುದು, ಒದೆಯಬಹುದು, ಕೆಡವಬಹುದು, ಕೆಡವಿ ಕುತ್ತಿಗೆಯನ್ನೂ ಅಮುಕಬಹುದು. ಜನ ಅದಕ್ಕೆ ಮಿಕ್ಸ್ ಅಂತ ಹೆಸರಿಟ್ಟರು. ಅವನಿಗೂ ಅದೇ ಗೋಡೌನ್, ಅದೇ ಹೊತ್ತು ಬೇಕಿತ್ತು. ಗೋಡೌನ್ ಹೋದರೆ ನನ್ನ ಇಷ್ಟು ವರ್ಷದ ಬಾಕ್ಸಿಂಗ್ ಬೀದಿಗೆ ಬಂದಂತೆಯೇ. ನಿಜ ಹೇಳುತ್ತೇನೆ, ನನಗೆ ಭಯವಾಯಿತು.

ಒಬ್ಬ ಹುಡುಗನ ತಂದೆ ಬಂದು ನಯವಾಗಿಯೇ ಹೇಳಿದರು: "ಬೇಜಾರ್ ಮಾಡ್ಕಬೇಡಿ ಸಾ. ನಿಮ್ಮದು ಬರೀ ಅನ್ನ ಸಾರು. ಅವ್ರದು ಫುಲ್ ಮೀಲ್ಸ್."

೪. ಬೆನ್ನು

"ನೀವಿಬ್ರೂ ಒಂದಾಟ ಆಡಿ," ಅಂದರು ಆಲೂಗಡ್ಡೆ ವ್ಯಾಪಾರಿ. "ಗೆದ್ದೋರಿಗೆ ಗೋಡೌನು." ತೀರ್ಪು ಹೇಳಲು ಇಬ್ಬರೂ ಒಪ್ಪುವಂಥವರು ಬೇಕಲ್ಲ? ಅರಕಲಗೂಡಿನ ಉಸ್ತಾದರನ್ನೇ ಕರೆಸಿದರು.

ಭಾನುವಾರ ಬೆಳಿಗ್ಗೆ ಗೋಡೌನ್ ತುಂಬ ಜನ. ಉಸ್ತಾದ್ ಕೆಮ್ಮಣ್ಣು ಹರಡಿಸಿ, ಊದುಬತ್ತಿ ಹಚ್ಚಿ ಪೂಜೆಗೆ ಕೂತರು. ಇತ್ತ ಆ ಯುವಕ ನನಗೆ ಮೆಲ್ಲಗೆ ಹೇಳಿಕೊಟ್ಟ: "ಸಾಕು ಅನ್ಸುದ್ರೆ ನನ್ನ ಮೈ ತಟ್ಟಿ ಸಾ, ಬಿಟ್ಬುಡ್ತೀನಿ." ಪೂಜೆಯಲ್ಲಿದ್ದ ಉಸ್ತಾದರ ಕಿವಿಗೆ ಇದು ಬೀಳಲಿಲ್ಲ.

ಆಟ ಶುರುವಾಯಿತು. ಅವನು ಕಾಲಿಗೆ ನುಗ್ಗಿದ, ಮೂಗಿಗೆ ಒಂದು ಕೊಟ್ಟೆ. ಮತ್ತೆ ನುಗ್ಗಿದ, ಮತ್ತೊಂದು ಕೊಟ್ಟೆ. ನನ್ನ ಹುಡುಗರು ಶಿಳ್ಳೆ ಹೊಡೆದರು. ಅದಕ್ಕೆ ನಾನು ಒಂದು ಕ್ಷಣ ಹಿಗ್ಗಿದ್ದೇ ತಪ್ಪಾಯಿತು. ಅವನು ಸೊಂಟ ತಬ್ಬಿ, ತಾನೇ ಹಿಂದಕ್ಕೆ ಮಲಗಿ, ನನ್ನನ್ನು ಮೇಲೆ ಕೆಡವಿಕೊಂಡು, ತನ್ನೆರಡು ಕಾಲುಗಳ ನಡುವೆ ನನ್ನ ಕುತ್ತಿಗೆಯನ್ನು ಅಡಕತ್ತರಿಗೆ ಅಡಿಕೆ ಇಟ್ಟಂತೆ ಸಿಕ್ಕಿಸಿಬಿಟ್ಟ.

ಉಸಿರು ನಿಂತಿತು. ಕಣ್ಣು ಕತ್ತಲಾಯಿತು. ಮಾನ ಹೋದರೆ ಹೋಗಲಿ, ಜೀವ ಉಳಿಯಲಿ ಅಂತ ಬಲಗೈಯಿಂದ ಅವನ ಪಕ್ಕೆಯನ್ನು ಪಟಪಟ ತಟ್ಟಿದೆ. ಕೈಯಲ್ಲಿ ಗ್ಲೌಸಿತ್ತು. ನಾನು ಗುದ್ದುತ್ತಿದ್ದೇನೆ ಅಂದುಕೊಂಡು ಅವನು ಇನ್ನೂ ಬಿಗಿಹಿಡಿದ. ಜನರೂ ಹಾಗೇ ಅಂದುಕೊಂಡು, "ಬುಡ್ಬೇಡಿ ಸಾ, ಆಕಿ ಇನ್ನೊಂದು!" ಅಂತ ಎದ್ದು ನಿಂತರು. ನಾನು ಜೋರಾಗಿ ತಟ್ಟಿದಷ್ಟೂ ಚಪ್ಪಾಳೆ ಜೋರಾಯಿತು.

ಅಷ್ಟರಲ್ಲಿ ಉಸ್ತಾದ್ ಹಾರಿ ಬಂದು ನನ್ನ ಕೈ ಮೇಲೆತ್ತಿದರು. "ಬೆನ್ನು ಮಣ್ಣು ಮುಟ್ತು! ಮೇಷ್ಟ್ರು ಗೆದ್ರು!"

ಯುವಕ ದಿಗ್ಭ್ರಮೆಯಿಂದ ಎದ್ದು ಕೂತ. "ಉಸ್ತಾದ್ರೆ, ನಾನು ಬೇಕೂಂತ್ಲೇ ಮಲಗಿದ್ದು!"

"ಸೋತೋರೆಲ್ಲಾ ಅಂಗೇ ಯೋಳದು ಕಣ್ಲಾ."

ವ್ಯಾಪಾರಿ ಗೋಡೌನ್ ಕೀಲಿ ತಂದು ನನ್ನ ಗ್ಲೌಸಿನ ಮೇಲಿಟ್ಟರು. ಹುಡುಗರು ನನ್ನನ್ನು ಹೊತ್ತುಕೊಂಡರು. ಮಾತಾಡೋಣ ಅಂದರೆ ಗಂಟಲಿನಿಂದ ಗೊರ ಗೊರ ಸದ್ದು ಬಿಟ್ಟರೆ ಬೇರೇನೂ ಬರಲಿಲ್ಲ. ಕೆಳಗಿಳಿದು, ನೀರು ಕುಡಿದು, ಅರ್ಚಕರ ಮನೆಯ ಮಗ ಸುಳ್ಳಿನ ಗೆಲುವು ಇಟ್ಟುಕೊಳ್ಳಬಾರದು ಅಂತ ಎಲ್ಲರ ಮುಂದೆ ಆ ಯುವಕನ ಹತ್ತಿರ ಹೋಗಿ ಕೀಲಿ ಚಾಚಿದೆ.

"ಉಸ್ತಾದ್ರೆ, ಗೆದ್ದದ್ದು ಇವನು," ಅಂದೆ ಒಡಕು ದನಿಯಲ್ಲಿ. "ನಾನು ಗುದ್ದಲಿಲ್ಲ. ಬಿಟ್ಟುಬಿಡಪ್ಪಾ ಅಂತ ತಟ್ಟುತ್ತಿದ್ದೆ. ಇವನು ಒಪ್ಪಿದರೆ ಇನ್ನು ಮೇಲೆ ಗೋಡೌನ್ ಇಬ್ಬರದೂ. ಆ ಕಾಲಿನ ಪಟ್ಟು ಬಿಡಿಸಿಕೊಳ್ಳೋದನ್ನ ಇವನು ನನಗೆ ಕಲಿಸಲಿ."

ಉಸ್ತಾದರ ಕಣ್ಣು ತುಂಬಿ ಬಂತು. ಯುವಕನ ಭುಜ ಹಿಡಿದು ಅಲುಗಾಡಿಸಿದರು.

"ನೋಡ್ದೇನ್ಲಾ? ಗೆದ್ ಮ್ಯಾಲೆ ಮನುಸ್ನಿಗೆ ಇಷ್ಟು ವಿನಯ ಇರಬೇಕು. ಕಾಲ್ಗೆ ಬೀಳು!"

ಬಿದ್ದ. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅವನು ಕಾಲಿನ ಹತ್ತಿರ ಬಂದರೆ ಏನಾಗುತ್ತದೆ ಅಂತ ನನಗೆ ಗೊತ್ತಿತ್ತಲ್ಲ!