ನನ್ನ ಕಾಲು ಮುಟ್ಟಿದ ಡಾಕ್ಟರು

ಮನುಷ್ಯನಿಗೆ ತನ್ನ ಹಿಮ್ಮಡಿಯ ಮೇಲಿರುವಷ್ಟು ಅಸಡ್ಡೆ ಹಳೇ ಚಪ್ಪಲಿಯ ಮೇಲೂ ಇರಲಿಕ್ಕಿಲ್ಲ. ಚಪ್ಪಲಿ ಕಿತ್ತರೆ ಹೊಲಿಸಿಯಾದರೂ ಹೊಲಿಸುತ್ತೇವೆ. ಮಾಟುಂಗದ ಹೋಟೆಲಿನಲ್ಲಿ ಇಪ್ಪತ್ತೆಂಟು ವರ್ಷ ಬಲಗಾಲಿನ ಮೇಲೇ ಭಾರ ಹಾಕಿ ದೋಸೆ ಹುಯ್ದವನು ನಾನು. ಹಿಮ್ಮಡಿಯ ಹಿಂದೆ ಹುರಿಹಗ್ಗದಂಥ ಸ್ನಾಯುರಜ್ಜು ಒಂದಿದೆ ಎಂದು ತಿಳಿದದ್ದು ಅದು ಅರ್ಧ ಹರಿದ ಮೇಲೆ. ಮೂರು ತಿಂಗಳಿಂದ ಧಣಿಗಳು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಈರುಳ್ಳಿ ಹೆಚ್ಚುವ ಕೆಲಸಕ್ಕೆ ಹಚ್ಚಿದ್ದರು. "ಮೊದಲು ಡಾಕ್ಟರ ಚೀಟಿ ತನ್ನಿ ಭಟ್ರೇ, ಆಮೇಲೆ ಕಾವಲಿ" ಎಂದು ಅಪ್ಪಣೆ. ನನ್ನ ಕಾವಲಿಯ ಮುಂದೆ ಬೇರೊಬ್ಬ ನಿಂತು ಚಪಾತಿಯಷ್ಟು ದಪ್ಪದ ದೋಸೆ ಹುಯ್ಯುವುದನ್ನು ನೋಡಿ ಸುರಿಸಿದ ಕಣ್ಣೀರನ್ನೆಲ್ಲ ಈರುಳ್ಳಿಯ ಮೇಲೆ ಹಾಕಿದೆ.

ಚೀಟಿಗಾಗಿ ಹೆಂಡತಿ ಸರಸ್ವತಿಯೊಂದಿಗೆ ಕಾಂದಿವಲಿಯ ಸ್ಕ್ಯಾನ್ ಸೆಂಟರಿಗೆ ಎರಡನೇ ಸಲ ಹೋದೆ. ಹೋದ ಸಲ ನೋಡಿದವರು ಬೇರೆ ಡಾಕ್ಟರು, ಪರದೆಯನ್ನು ನನಗೆ ತೋರಿಸಿರಲಿಲ್ಲ. ಈ ಸಲದ ಡಾಕ್ಟರು ಮುಂಬಯಿಯಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗಿ. ನನ್ನ ಈರುಳ್ಳಿ ಪುರಾಣವನ್ನೆಲ್ಲ ಸರಸ್ವತಿಯಿಂದ ಕೇಳಿಕೊಂಡು, ನನ್ನನ್ನು ಬೋರಲು ಮಲಗಿಸಿ, ತಣ್ಣನೆಯ ಜೆಲ್ ಸವರಿ, ಪಾದ ಹಿಡಿದಳು. ನನಗೆ ಜೀವವೇ ಹಿಡಿಯಷ್ಟಾಯಿತು. ಅಷ್ಟು ಓದಿದವಳು ನನ್ನ ಕಾಲು ಮುಟ್ಟುವುದೆಂದರೇನು! "ಅಯ್ಯೋ, ಬೇಡಮ್ಮ" ಎನ್ನುತ್ತ ಪ್ರತಿಸಲವೂ ಪಾದ ಸೆಟೆಸಿ ಎಳೆದುಕೊಂಡೆ. ಯಂತ್ರದ ಪರದೆಯೆಲ್ಲ ಕೆಂಪಾಯಿತು.

"ಅಂಕಲ್, ಕೆಂಪು ಅಂದ್ರೆ ಗಟ್ಟಿ. ನೀವು ಟೈಟ್ ಮಾಡಿ ಮಷೀನ್‌ಗೆ ಸುಳ್ಳು ಹೇಳ್ತಾ ಇದ್ದೀರಿ. ಪ್ಲೀಸ್, ಢೀಲಾ ಛೋಡೋ... ಅಂದ್ರೆ, ಲೂಸ್ ಬಿಡಿ."

ಗಟ್ಟಿ ಎಂದೇ ಬರೆದುಕೊಡಮ್ಮ ಎನ್ನಲು ಬಾಯಿ ತೆರೆದೆ. ಮೂಲೆಯಿಂದ ಸರಸ್ವತಿ ದುರುಗುಟ್ಟಿದಳು. ದೇವರ ಮೇಲೆ ಭಾರ ಹಾಕಿ ಕಾಲು ಸಡಿಲ ಬಿಟ್ಟೆ.

ಆ ಯಂತ್ರ ಶಬ್ದದಿಂದಲೇ ಒಳಗೊಂದು ಸಣ್ಣ ನಡುಕ ಎಬ್ಬಿಸುತ್ತದಂತೆ. ಹುರಿ ಗಟ್ಟಿಯಿದ್ದಷ್ಟೂ ನಡುಕ ಬೇಗ ಓಡುತ್ತದಂತೆ. ಆ ವೇಗದಿಂದಲೇ ಗಟ್ಟಿತನ ಅಳೆಯುತ್ತಾರಂತೆ. ಹರಿದ ಜಾಗ ಮೆತ್ತಗೆ, ನೀಲಿ. ಹಿಟ್ಟಿನ ಹದವನ್ನು ಬೆರಳದ್ದಿ ನೋಡುವ ನಾನು ಬೆರಗಾಗಿ ಕತ್ತು ತಿರುಗಿಸಿ ನೋಡಿದೆ. ಚರ್ಮದೊಳಗೆ ಕತ್ತಲಲ್ಲಿ ನನ್ನನ್ನು ಹೊತ್ತು ನಿಂತಿದ್ದದ್ದು ಬಣ್ಣಬಣ್ಣವಾಗಿ ಎದುರಿಗಿತ್ತು!

"ಹೋದ ಸಲ ಇಷ್ಟುದ್ದ ನೀಲಿ ಇತ್ತು ಅಂಕಲ್. ಈಗ ನೋಡಿ, ಚೂರೇ ಚೂರು. ನೀವು ಈರುಳ್ಳಿ ಹೆಚ್ಚುವಾಗ ಅದು ತನ್ನ ಕೆಲಸ ಮಾಡಿದೆ. ದಿನಕ್ಕೆ ಎರಡು ಗಂಟೆ ನಿಲ್ಲಬಹುದು."

ಚೀಟಿ ಬರೆಯಲು ಅವಳು ಆಚೆ ಹೋದಳು. ನಾನು ಎದ್ದು ಕೂತು, ಮೆಲ್ಲಗೆ ಹಿಮ್ಮಡಿ ಮುಟ್ಟಿ ಕಣ್ಣಿಗೊತ್ತಿಕೊಂಡೆ.

"ಎಂತ ಮಾರಾಯ್ರೇ, ನಿಮ್ಮ ಕಾಲಿಗೆ ನೀವೇ ನಮಸ್ಕಾರ ಮಾಡುವುದಾ?" ಎಂದ ಸರಸ್ವತಿ, ಹತ್ತಿರ ಬಂದು ನನ್ನ ಮುಖ ನೋಡಿ ದನಿ ತಗ್ಗಿಸಿದಳು. "ಅಳ್ತಾ ಇದ್ದೀರಾ?"

ಸುತ್ತಮುತ್ತ ಎಲ್ಲೂ ಈರುಳ್ಳಿ ಇರಲಿಲ್ಲ. "ಜೆಲ್ ತಾಗಿತು" ಎಂದೆ.