ಕಂಪ್ಯೂಟರಿಗೆ ನಂಜನಗೂಡು ಕನ್ನಡ

ನನ್ನ ಚಿಕ್ಕಪ್ಪನ ಜೊತೆ ಜಗಳವಾಡದ ಯಂತ್ರ ನಂಜನಗೂಡಿನಲ್ಲಿ ಇನ್ನೂ ಹುಟ್ಟಿಲ್ಲ! ಮಿಕ್ಸಿ ಕೆಟ್ಟರೆ ನಾವೆಲ್ಲ ರಿಪೇರಿಗೆ ಕೊಡುತ್ತೇವೆ. ಅವರು ಅದರೆದುರು ಚಕ್ಕಂಬಕ್ಕಳ ಹಾಕಿ ಕೂತು, "ಏನಾಯ್ತು, ಬಾಯ್ಬಿಟ್ಟು ಹೇಳು" ಎನ್ನುತ್ತಾರೆ.

ಇಂಡಸ್ಟ್ರಿಯಲ್ ಏರಿಯಾದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಯಂತ್ರಗಳ ರಿಪೇರಿ ನೋಡಿಕೊಂಡವರು. ಅಲ್ಲಿ ಯಂತ್ರ ನಿಂತಾಗಲೆಲ್ಲ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಮೂಡುತ್ತಿತ್ತಂತೆ. ಅದು ಅರ್ಥವಾಗದ ಆಪರೇಟರುಗಳು ತಮ್ಮದೇ ತಪ್ಪೇನೋ ಎಂದು ಹೆದರಿ ನಿಲ್ಲುತ್ತಿದ್ದರಂತೆ. "ನಿಂತಿರೋದು ನಮ್ಮೂರಲ್ಲಿ, ತಿನ್ನೋದು ನಮ್ಮೂರ ಕರೆಂಟು, ಬೈಯೋದು ಮಾತ್ರ ಇಂಗ್ಲಿಷಲ್ಲಿ! ಇದ್ಯಾವ ನ್ಯಾಯ ಕಣ್ಲಾ?" ನಿವೃತ್ತಿಯಾದ ಮಾರನೇ ವಾರವೇ ಹಳೆಯ ಕಂಪ್ಯೂಟರೊಂದನ್ನು ತಂದು, ಕನ್ನಡದಲ್ಲೇ ಪ್ರೋಗ್ರಾಂ ಬರೆಯುವ ಹೊಸ ಭಾಷೆ ಕಟ್ಟಲು ಕೂತರು.

"ಇಂಗ್ಲಿಷ್ ಪದ ತೆಗೆದು ಕನ್ನಡದ ಪದ ಹಾಕಿದ್ರೆ ಮುಗೀತಲ್ಲ ಚಿಕ್ಕಪ್ಪ?" ಎಂದೆ.

"ಮಾತಿನ ಮೊದಲಲ್ಲೇ 'ಬರೆ' ಅಂತ ಯಾವನಾದ್ರೂ ಅಂತಾನೇನ್ಲಾ? ಏನ ಬರೀಬೇಕು ಅಂತ ಮೊದ್ಲು ಹೇಳು, ಆಮೇಲೆ ಬರೆ ಅನ್ನು."

ಕ್ರಿಯಾಪದ ಇಂಗ್ಲಿಷಿನಂತೆ ಮೊದಲಿಗಲ್ಲ, ಕನ್ನಡದಂತೆ ಕೊನೆಗೆ ಬರಬೇಕೆಂಬ ಆ ಒಂದು ಮಾತಿಗೆ ಎರಡು ವರ್ಷ ಹಿಡಿಯಿತು. ಆದರೆ ಅವರ ಕಂಪ್ಯೂಟರಿನ ಮರ್ಯಾದೆ ನೋಡಬೇಕಿತ್ತು! ನಾನು ಬರೆದದ್ದರಲ್ಲಿ ತಪ್ಪಾದರೆ, "ಸಾ, ಎಂಟನೇ ಸಾಲಲ್ಲಿ ಏನೋ ಎಡವಟ್ಟಾಗ್ಯದೆ, ಒಸಿ ನೋಡಿ" ಎನ್ನುತ್ತಿತ್ತು. ಅದೇ ತಪ್ಪು ಮೂರನೇ ಸಲ ಮಾಡಿದರೆ, "ಟೀ ಕುಡ್ಕೊಂಡು ಬನ್ನಿ ಸಾ." ನಗಬೇಡಿ, ಕುಡಿದು ಬಂದು ನೋಡಿದರೆ ತಪ್ಪು ಎದುರಿಗೇ ಕೂತಿತ್ತು!

ಆ ಭಾಷೆಯ ಮೊದಲ ಪ್ರತಿ ಹೋದದ್ದು ತಿ. ನರಸೀಪುರಕ್ಕೆ. ಅಲ್ಲೊಬ್ಬರು ನಿವೃತ್ತ ಕನ್ನಡ ಮೇಷ್ಟ್ರು, ಚಿಕ್ಕಪ್ಪನ ಹೈಸ್ಕೂಲು ಗೆಳೆಯರು. ಹೀಗಿದ್ದರೆ ಹೀಗೆ ಮಾಡು ಎಂದು ಷರತ್ತು ಹೇಳುವ ಕಡೆ ಚಿಕ್ಕಪ್ಪ 'ಅಂಗಿದ್ರೆ' ಎಂದು ಇಟ್ಟಿದ್ದರು. ಮೇಷ್ಟ್ರು ಅದನ್ನು 'ಹಾಗಿದ್ದಲ್ಲಿ' ಎಂದು ತಿದ್ದಿಕೊಂಡರು. ಅಷ್ಟೇ! ನಂಜನಗೂಡಿನಲ್ಲಿ ಬರೆದ ಪ್ರೋಗ್ರಾಂ ನರಸೀಪುರದಲ್ಲಿ ಓಡದಾಯಿತು. ನನ್ನನ್ನು ಬಿಟ್ಟರೆ ಜಗತ್ತಿನಲ್ಲಿ ಇಬ್ಬರೇ ಬಲ್ಲ ಭಾಷೆ, ಅದರಲ್ಲೂ ಎರಡು ಪಂಗಡ!

"ಎಲ್ಲಾ ಕಡೆ ಒಂದೇ ಥರ ಓಡಬೇಕು ಅಂದ್ರೆ ಪ್ರಮಾಣ ಅಂತ ಒಂದು ಇರಬೇಕು" ಎಂದು ಇಬ್ಬರೂ ಒಪ್ಪಿದರು. ನಡುದಾರಿ ಎಂದು ಸುತ್ತೂರಿನ ಟೀ ಅಂಗಡಿಯಲ್ಲಿ ಪ್ರತಿ ಭಾನುವಾರ ಸಭೆ. ಬೈಕಿದ್ದ ತಪ್ಪಿಗೆ ನಾನೇ ಕಾರ್ಯದರ್ಶಿ.

"ಹಕಾರ ನುಂಗಿದರೆ ಅದು ಭಾಷೆಯೇನಯ್ಯಾ?" ಎಂದು ಮೇಷ್ಟ್ರು.

"ನಿಮ್ಮ 'ಹಾಗಿದ್ದಲ್ಲಿ' ಟೈಪ್ ಮಾಡೋವಷ್ಟರಲ್ಲಿ ಕರೆಂಟೇ ಹೋಯ್ತದೆ!" ಎಂದು ಚಿಕ್ಕಪ್ಪ.

ಐದು ಭಾನುವಾರವಾದ ಮೇಲೆ ಚಿಕ್ಕಪ್ಪ ಒಂದು ಹಕಾರ ಸೇರಿಸಿಕೊಂಡರು, ಮೇಷ್ಟ್ರು ಬಾಲ ಕತ್ತರಿಸಿಕೊಂಡರು. 'ಹಂಗಿದ್ರೆ' ಪ್ರಮಾಣವಾಯಿತು. ಹೀಗೇ ಒಂದೊಂದೇ ಪದ ಸೇರಿ ಇನ್ನೂರು ಪುಟದ ನೋಟ್‌ಬುಕ್ ತುಂಬಿತು.

ಮಕ್ಕಳಿಗೆ ಕಲಿಸಿಯಾರೆಂಬ ಆಸೆಯಿಂದ ಅದನ್ನು ಹೊತ್ತು ಮೂವರೂ ಮೈಸೂರಿನ ಕಾಲೇಜೊಂದಕ್ಕೆ ಹೋದೆವು. ಅಲ್ಲಿನ ಕಂಪ್ಯೂಟರ್ ಪ್ರೊಫೆಸರು ಪುಟ ತಿರುವಿ, ಕಾಫಿ ಕೊಟ್ಟು, ಬಹಳ ಮೃದುವಾಗಿ ಕೇಳಿದರು: "ಒಳ್ಳೆ ಹವ್ಯಾಸ ಸಾರ್. ಆದರೆ ಇದನ್ನ ಯಾರು ಬಳಸ್ತಾರೆ?"

ಪ್ರಶ್ನೆಯಲ್ಲಿ ತಪ್ಪೇನಿತ್ತು? ಕಾರ್ಯದರ್ಶಿಯಾದ ನಾನೇ ಅದರಲ್ಲಿ ನನಗೆ ಬೇಕಾದದ್ದು ಎಂದು ಒಂದು ಸಾಲೂ ಬರೆದಿರಲಿಲ್ಲ. ಚಿಕ್ಕಪ್ಪನ ಹಟಕ್ಕೆ ನಗುವುದು ಸುಲಭವಿತ್ತು, ಜೊತೆಗೆ ನಿಲ್ಲುವುದಲ್ಲ. ಬಸ್ಸಿನಲ್ಲಿ ಅವರು ಕಿಟಕಿಯಿಂದ ಮುಖ ತಿರುಗಿಸಲೇ ಇಲ್ಲ. ಮನೆಗೆ ಬಂದು ಕಂಪ್ಯೂಟರಿನ ಮೇಲೆ ಹಳೆ ಪಂಚೆ ಹೊದಿಸಿದರು. ನೋಟ್‌ಬುಕ್ ಬೀರು ಸೇರಿತು. ಮೇಷ್ಟ್ರು ಫೋನ್ ಮಾಡಿದರೂ ಎತ್ತಲಿಲ್ಲ.

ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಚಿಕ್ಕಮ್ಮನ ಫೋನು. "ಒಸಿ ಬಾರಪ್ಪ. ಈ ಕಂಪ್ಯೂಟರ್ ನನ್ನೇ ಟೀ ಕುಡಿಯಕ್ಕೆ ಕಳಿಸ್ತಾ ಅದೆ."

ಚಿಕ್ಕಮ್ಮ ಏಳನೇ ಕ್ಲಾಸಿನವರೆಗೆ ಓದಿದವರು. ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಯುತ್ತಾರೆ. ಹೋಗಿ ನೋಡಿದರೆ ಪಂಚೆ ಸರಿದಿತ್ತು. ಪರದೆಯ ಮೇಲೆ ಹದಿನಾಲ್ಕು ಸಾಲು! ಎದೆಯಳತೆ, ತೋಳಿನುದ್ದ ಹಾಕಿದರೆ ಎಷ್ಟು ಬಟ್ಟೆ ಬೇಕೆಂದು ಹೇಳುವ ಪ್ರೋಗ್ರಾಂ.

"ಚಿಕ್ಕಪ್ಪಂಗೆ ಸಮಾಧಾನ ಆಗ್ಲಿ ಅಂತ ಬರೆದ್ರಾ?" ಮೆಲ್ಲಗೆ ಕೇಳಿದೆ.

"ಅವರಿಗ್ಯಾಕೆ? ನಂಗೆ ಬೇಕಾಗಿತ್ತು, ಬರ್ಕೊಂಡೆ. ದಿನಾ ಕಿವಿ ಮೇಲೆ ಬೀಳ್ತಿತ್ತಲ್ಲ, ಮರ್ತಿದ್ದಕ್ಕೆ ಬೀರಲ್ಲಿ ನೋಟ್‌ಬುಕ್ ಇತ್ತು."

ಅಷ್ಟರಲ್ಲಿ ಚಿಕ್ಕಪ್ಪ ಬಂದು ನಮ್ಮ ಬೆನ್ನ ಹಿಂದೆ ನಿಂತಿದ್ದರು. ಒಂದೊಂದೇ ಸಾಲು ಓದಿ ಒಂಬತ್ತನೆಯದಕ್ಕೆ ನಿಂತರು. ಅಲ್ಲಿತ್ತು: 'ತೋಳು ಉದ್ದ ಹಂಗಿದ್ರೆ ಬಟ್ಟೆಗೆ ನಾಲ್ಕು ಬೆರಳು ಕೂಡು.'

"ಬೆರಳು ಅನ್ನೋ ಅಳತೆ ಪ್ರಮಾಣದಲ್ಲಿಲ್ಲ ಕಣೇ."

"ಇಲ್ದಿದ್ರೆ ಹಾಕಿ. ನಾನು ಅಳೆಯೋದೇ ಅಂಗೆ."

ಚಿಕ್ಕಪ್ಪ ಮೇಷ್ಟ್ರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. ಎಲ್ಲವನ್ನೂ ಕೇಳಿದ ಮೇಷ್ಟ್ರು, "ಸೇರಿಸೋಣ. ಆದರೆ ಯಾರ ಬೆರಳು ಅಂತ ತೀರ್ಮಾನ ಆಗಬೇಕಲ್ಲ?" ಎಂದರು.

ಚಿಕ್ಕಪ್ಪ ಹೆಂಡತಿಯ ಕುತ್ತಿಗೆಯಲ್ಲಿ ಜೋತಾಡುತ್ತಿದ್ದ ಅಳತೆ ಟೇಪು ತೆಗೆದುಕೊಂಡು ಅವರ ಎದುರು ಕೂತರು. ಸೂಜಿ ಚುಚ್ಚಿ ಚುಚ್ಚಿ ಒರಟಾದ ಆ ನಾಲ್ಕು ಬೆರಳುಗಳನ್ನು ಒತ್ತಾಗಿ ಜೋಡಿಸಿ, ಟೇಪು ಹಿಡಿದು ಬಗ್ಗಿ ನೋಡಿದರು.

"ಮೂರು ಇಂಚಿಗೆ ಒಸಿ ಕಮ್ಮಿ" ಎಂದರು.

"ಆಯ್ತಲ್ಲ, ಬಿಡಿ. ಹುಡುಗ ನೋಡ್ತಾ ಅವ್ನೆ" ಎಂದರು ಚಿಕ್ಕಮ್ಮ.

"ಇರು, ಪ್ರಮಾಣದ ವಿಷಯ. ಇನ್ನೊಂದ್ಸಲ ಅಳೀಬೇಕು" ಎಂದು ಚಿಕ್ಕಪ್ಪ ಕೈ ಬಿಡಲಿಲ್ಲ. ಟೇಪು ಆಗಲೇ ನೆಲಕ್ಕೆ ಬಿದ್ದಿತ್ತು.